ಕರೆಂಟ್ ಹೋದರೂ ಆಫೀಸ್ ಫೋನ್ ರಿಂಗ್ ಆಗಬೇಕಾದರೆ

ಜೂನ್ ತಿಂಗಳ ಒಂದು ಸಂಜೆ, ಜೋರು ಮಳೆ. ಮಲ್ಪೆ ಹತ್ತಿರದ ಒಂದು ಕ್ಲಿನಿಕ್‌ನ ಕೌಂಟರಿನಲ್ಲಿ ಕೂರುವ ಅಕ್ಕ ನನ್ನ ಮೊಬೈಲಿಗೆ ಕರೆ ಮಾಡಿದರು. "ಇನ್ವರ್ಟರ್ ಉಂಟು, ಫ್ಯಾನ್ ತಿರುಗ್ತಾ ಉಂಟು. ಫೋನ್ ಮಾತ್ರ ಸತ್ತಿದೆ ಮಾರಾಯ್ರೆ."

ಹೋಗಿ ನೋಡಿದೆ. ನಾಲ್ಕು ಐಪಿ ಫೋನಿಗೆ, ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕ ಮಾತಾಡುವ ಫೋನಿಗೆ, ನಾಲ್ಕು ಅಡಾಪ್ಟರ್. ಇನ್ವರ್ಟರ್ ಲೈನಿನಲ್ಲಿ ಇದ್ದದ್ದು ಲೈಟು, ಫ್ಯಾನು ಮಾತ್ರ. ಮೇಜಿನ ಕೆಳಗಿನ ಪ್ಲಗ್ಗುಗಳಿಗೆ ಆ ಲೈನ್ ಬಂದೇ ಇರಲಿಲ್ಲ.

ಹಳೆಯ ಲ್ಯಾಂಡ್‌ಲೈನ್ ನೆನಪಿದೆ ಅಲ್ವಾ? ಊರಿಡೀ ಕತ್ತಲಾದರೂ ಅದು ರಿಂಗ್ ಆಗುತ್ತಿತ್ತು. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಕರೆಂಟ್ ಫೋನಿನ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಈಗಲೂ ಅದನ್ನೇ ಮಾಡಬಹುದು. ಬ್ಯಾಟರಿ ಒಂದು ಕಡೆ ಇಡಿ, ಅಲ್ಲಿಂದ ನೆಟ್‌ವರ್ಕ್ ಕೇಬಲ್‌ನಲ್ಲೇ ಎಲ್ಲ ಫೋನಿಗೂ ಕರೆಂಟ್ ಕಳಿಸಿ. ಇದಕ್ಕೆ ನಾವು ಪಿಓಇ (ಪವರ್ ಓವರ್ ಈಥರ್ನೆಟ್) ಎನ್ನುತ್ತೇವೆ.

ಮೊದಲು ಫೋನ್ ಮಗುಚಿ ಹಿಂದಿನ ಸ್ಟಿಕ್ಕರ್ ಓದಿ, ಅಲ್ಲಿ ಇಲ್ಲದಿದ್ದರೆ ಕೈಪಿಡಿ ನೋಡಿ. ಪಿಓಇ ಅಥವಾ 802.3ಎಎಫ್ ಎಂದಿದ್ದರೆ ಸಾಕು. 2003ರಲ್ಲಿ ಬಂದ ಈ ಮಾನದಂಡದಲ್ಲಿ ಒಂದು ಪೋರ್ಟ್ 15.4 ವ್ಯಾಟ್ ತನಕ ಕೊಡುತ್ತದೆ. ಸಾದಾ ಮೇಜಿನ ಫೋನ್ ಎಳೆಯುವುದು ಮೂರೋ ನಾಲ್ಕೋ ವ್ಯಾಟ್. ಒಂದೇ ಫೋನ್ ಇದ್ದರೆ ಇಂಜೆಕ್ಟರ್ (ಒಂದು ಕೇಬಲ್‌ಗೆ ಕರೆಂಟ್ ಸೇರಿಸುವ ಸಣ್ಣ ಡಬ್ಬಿ) ಹಾಕಿ, ಮೂರು ನಾಲ್ಕು ಇದ್ದರೆ ಪಿಓಇ ಸ್ವಿಚ್ಚೇ (ಹಲವು ಕೇಬಲ್ ಜೋಡಿಸಿ ಕರೆಂಟನ್ನೂ ಕೊಡುವ ನೆಟ್‌ವರ್ಕ್ ಪೆಟ್ಟಿಗೆ) ತೆಗೆದುಕೊಳ್ಳಿ.

ಅಗ್ಗಕ್ಕೆ ಸಿಗುವ 24 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್ ಮಾತ್ರ ಬೇಡ. ಮಾನದಂಡದ ಸ್ವಿಚ್ ಮೊದಲು ಆ ಕಡೆ ಇರುವ ಸಾಧನ ಪಿಓಇ ಕೇಳುತ್ತಿದೆಯಾ ಎಂದು ಪರೀಕ್ಷಿಸಿ ಆಮೇಲೆ ಕರೆಂಟ್ ಬಿಡುತ್ತದೆ. ಪ್ಯಾಸಿವ್ ಏನನ್ನೂ ನೋಡದೆ ಸುಮ್ನೆ ಬಿಡುತ್ತದೆ. ಸಾಧನ ಸುಟ್ಟು ಹೋಗಬಹುದು.

ಕೇಬಲ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪೂರ್ತಿ ತಾಮ್ರದ್ದೇ ಬೇಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಕೇಬಲ್ ದುಡ್ಡು ಉಳಿಸುತ್ತದೆ, ಆದರೆ ದಾರಿಯಲ್ಲೇ ಕರೆಂಟ್ ಜಾಸ್ತಿ ತಿನ್ನುತ್ತದೆ, ಬಿಸಿಯೂ ಆಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಹೊಳೆದರೆ ವಾಪಸ್ ಕೊಡಿ. ಉದ್ದ 100 ಮೀಟರ್ ದಾಟಬಾರದು.

ಆ ಕ್ಲಿನಿಕ್‌ನಲ್ಲಿ ಒಂದು ಕೇಬಲ್ ಕನೆಕ್ಟರ್ ಬಿಚ್ಚಿದರೆ ಎಂಟು ಪಿನ್ನುಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು. ಉಪ್ಪುಗಾಳಿಯ ಕೆಲಸ. ಬೆರಳಲ್ಲಿ ಒರೆಸಿದರೆ ಹೋಗುವುದಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರನ್ನು ಇಕ್ಕಳದಲ್ಲಿ ಒತ್ತಿ ಕೂರಿಸಿದೆ. ಕಡಲ ಬದಿಯಲ್ಲಿ ಇದನ್ನು ವರ್ಷಕ್ಕೊಮ್ಮೆ ನೋಡಲೇಬೇಕು.

ಇನ್ನು ಬ್ಯಾಟರಿ. ಸ್ವಿಚ್ಚಿಗೆ ಯುಪಿಎಸ್ ಕೊಟ್ಟು ಫೈಬರ್ ಮೋಡೆಮ್ಮನ್ನು ಗೋಡೆಯ ಪ್ಲಗ್ಗಿಗೇ ಬಿಡುವವರು ತುಂಬಾ ಜನ. ಆಗ ಫೋನಿನ ಪರದೆ ಬೆಳಗುತ್ತದೆ, ಹೊರಗಿನ ಕರೆ ಬರುವುದಿಲ್ಲ. ಮೋಡೆಮ್, ರೂಟರ್, ಸ್ವಿಚ್ ಮೂರೂ ಒಂದೇ ಯುಪಿಎಸ್‌ನಲ್ಲಿರಲಿ. ನಮ್ಮ ಲೆಕ್ಕ: ನಾಲ್ಕು ಫೋನಿಗೆ 16 ವ್ಯಾಟ್, ಉಳಿದದ್ದಕ್ಕೆ ಸುಮಾರು 17, ಒಟ್ಟು 33. ಸಣ್ಣ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಅವರ್ ಇದೆ. ಯುಪಿಎಸ್ ತಾನೇ ತಿನ್ನುವುದನ್ನು ಕಳೆದರೆ ಒಂದು ಗಂಟೆ ಎಂದಿಟ್ಟುಕೊಳ್ಳಿ. ಮಳೆಗಾಲಕ್ಕೆ ಅದು ಸಾಲದು. ಹಾಗಾಗಿ ಯುಪಿಎಸ್ಸಿನ ಪ್ಲಗ್ಗಿಗೂ ಇನ್ವರ್ಟರ್ ಲೈನ್ ಎಳೆಸಿದೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ (ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುವ ಆಯ್ಕೆ) ಇದ್ದರೆ ಅದಕ್ಕೇ ಹಾಕಿ.

ಸಿಡಿಲಿನ ಒಂದು ಮಾತು. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಹೊರಗಿನಿಂದ ಎಳೆಯಬೇಡಿ. ಅಲ್ಲಿ ಕರೆಂಟ್ ಹರಿಯದ ಫೈಬರ್ ಹಾಕಿ, ಆ ಕಡೆ ಇನ್ನೊಂದು ಪಿಓಇ ಸ್ವಿಚ್ ಇಡಿ.

ಎಲ್ಲ ಮುಗಿದ ಮೇಲೆ ಮೇನ್ ಆಫ್ ಮಾಡಿ ಮೊಬೈಲಿನಿಂದ ಕರೆ ಮಾಡಿ ನೋಡಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿ. ಎಷ್ಟು ಹೊತ್ತು ಬಂತು ಎಂದು ಯುಪಿಎಸ್ ಮೇಲೆ ತಾರೀಕಿನ ಜೊತೆ ಬರೆದಿಡಿ. ಪ್ರತಿ ಮೇ ತಿಂಗಳು ನಾನು ಆ ಕ್ಲಿನಿಕ್‌ಗೆ ಹೋಗಿ ಇದನ್ನು ಮಾಡುತ್ತೇನೆ, ಮೇನ್ ಆಫ್ ಮಾಡುವುದು ಆ ಅಕ್ಕನೇ.