ಸಾಮೆಗೆ ಹಬೆ ಕೊಟ್ಟೆ, ಪಾಲಿಶ್ ಬಿಟ್ಟೆ: ನನ್ನ ಅನುಭವ

ಐದು ತಿಂಗಳ ಹಿಂದೆ ತುಂಬಿಸಿದ ಸಾಮೆ ಅಕ್ಕಿಯ ಪ್ಯಾಕೆಟ್ಟನ್ನು ಮೊನ್ನೆ ತುಮಕೂರಿನ ಅಂಗಡಿಯವರ ಎದುರೇ ಕತ್ತರಿಸಿದೆ. ಅವರು ಒಂದು ಹಿಡಿ ತೆಗೆದು ಮೂಸಿದರು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು. ಕಮಟು ಇಲ್ಲ, ಹುಳ ಇಲ್ಲ. "ಪಾಲಿಶ್ ಹಾಕಿದ್ದೀರ ತಾನೇ?" ಅಂದರು. "ಇಲ್ಲ, ತೌಡು ಹಾಗೇ ಇದೆ" ಅಂದೆ. ಎರಡು ವರ್ಷದ ಹಿಂದೆ ಇದೇ ಅಂಗಡಿಯಿಂದ ನನ್ನ ಎಂಬತ್ತು ಕೇಜಿ ಮಾಲು ವಾಪಸ್ ಬಂದಿತ್ತು.

ಶಿರಾ ಕಡೆ ನಮ್ಮದು ಸಣ್ಣ ಮಿಲ್ಲು. ಕಲ್ಲು ತೆಗೆಯುವ ಡೀಸ್ಟೋನರ್, ಕಾಳು ವಿಂಗಡಿಸುವ ಗ್ರೇಡರ್, ಹೊಟ್ಟು ಬಿಡಿಸುವ ಎರಡು ಹಂತದ ಇಂಪ್ಯಾಕ್ಟ್ ಹಲ್ಲರ್, ಅಷ್ಟೇ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಸಾರಿದಾಗ ನಮಗೂ ಆರ್ಡರ್ ಜಾಸ್ತಿ ಬಂತು. ಮಿಲ್ ನಡೆಸುವವರಿಗೆ ಕಷ್ಟ ಗೊತ್ತೇ ಇದೆ. ಪಾಲಿಶ್ ಹಾಕದೆ ಕೊಟ್ಟರೆ ಬೇಸಿಗೆಯಲ್ಲಿ ಒಂದೂವರೆ ತಿಂಗಳಿಗೇ ತೌಡಿನ ಎಣ್ಣೆ ಕಮಟಾಗುತ್ತದೆ. ಪಾಲಿಶ್ ಹಾಕಿದರೆ ಬೆಳ್ಳಗೆ ಹೊಳೆಯುತ್ತದೆ, ಅಂಗಡಿಯಲ್ಲಿ ಆರು ತಿಂಗಳು ಇರುತ್ತದೆ. ಆದರೆ ನಾರು, ಬಿ ವಿಟಮಿನ್ ಬಹುಪಾಲು ತೌಡಿನ ಜೊತೆ ದನದ ಬಾನಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಆ ಬೆಳ್ಳನೆ ಕಾಳನ್ನೇ ಔಷಧಿ ಅಂತ ನಂಬಿ ತಿನ್ನುತ್ತಾರೆ. ನಮ್ಮ ತಂದೆಯೂ ಎರಡು ವರ್ಷ ತಿಂದರು, ನನ್ನ ಕೈಯಾರೆ ಪಾಲಿಶ್ ಹಾಕಿದ್ದನ್ನೇ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅಮ್ಮ ಹೇಳುತ್ತಾರೆ, ಹಿಂದೆ ಸಾಮೆ ಹೊಟ್ಟಿನ ಸಮೇತ ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇರುತ್ತಿತ್ತಂತೆ. ವಾರಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದು ಕುಟ್ಟಿಕೊಳ್ಳುತ್ತಿದ್ದರಂತೆ. ಕೆಡುವುದಕ್ಕೆ ಸಮಯವೇ ಇರುತ್ತಿರಲಿಲ್ಲ. ಈಗ ನಮ್ಮ ಮಾಲು ಗೋಡೌನು, ಲಾರಿ, ಅಂಗಡಿ ದಾಟಿ ಮನೆ ಸೇರಬೇಕು.

ನನ್ನ ಹೆಂಡತಿಯ ಅಕ್ಕನನ್ನು ಕಾರ್ಕಳದ ಕಡೆ ಕೊಟ್ಟಿದ್ದಾರೆ. ಅಲ್ಲಿಗೆ ಮದುವೆಗೆ ಹೋದಾಗ ಷಡ್ಡಕರು ಹತ್ತಿರದ ಕುಚ್ಚಲಕ್ಕಿ ಮಿಲ್ಲಿಗೆ ಕರೆದುಕೊಂಡು ಹೋದರು. ಭತ್ತ ನೆನೆಸಿ, ಹಬೆ ಕೊಟ್ಟು, ಒಣಗಿಸಿ, ಆಮೇಲೆ ಹೊಟ್ಟು ಬಿಡಿಸುತ್ತಾರೆ. ಹಬೆ ತಾಗಿದರೆ ತೌಡಿನ ಎಣ್ಣೆ ಕೆಡಿಸುವ ಕಿಣ್ವ ಸಾಯುತ್ತದೆ, ಬಿ1 ವಿಟಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಪಾಲಿಶ್ ಅಕ್ಕಿ ಉಂಡವರಿಗೆ ಬೆರಿಬೆರಿ ಬರುತ್ತಿದ್ದ ಕಾಲದಲ್ಲಿ ಕುಚ್ಚಲಕ್ಕಿ ಉಣ್ಣುವವರು ಬಚಾವಾಗಿದ್ದು ಇದರಿಂದಲೇ. ಭತ್ತಕ್ಕೆ ಆಗುವುದು ಸಾಮೆಗೆ ಯಾಕಾಗಬಾರದು ಅನ್ನಿಸಿತು.

ಊರಿಗೆ ಬಂದು ಹೇಳಿದರೆ ಯಾರೂ ಒಪ್ಪಲಿಲ್ಲ. ಹಲ್ಲರ್ ಕೂರಿಸಿದ ಫಿಟ್ಟರ್, "ಸಾರ್, ಇದು ಸಾಸಿವೆ ಥರ ಸಣ್ಣ ಕಾಳು, ಬೇಯಿಸಿದರೆ ಗಂಜಿ ಆಗುತ್ತೆ" ಅಂದ. ಮೊದಲ ಸಲ ಅವನ ಮಾತೇ ನಿಜವಾಯ್ತು.

ಹಳೇ ಡ್ರಮ್ಮಿಗೆ ತೂತಿನ ತಟ್ಟೆ ವೆಲ್ಡ್ ಮಾಡಿಸಿದ್ದೆ. ರಾತ್ರಿಯೆಲ್ಲಾ ತಣ್ಣೀರಲ್ಲಿ ನೆನೆಸಿದ ಕಾಳು ಬೆಳಿಗ್ಗೆ ನೊರೆ ಬಂದು ಹುಳಿ ನಾತ ಹೊಡೆಯುತ್ತಿತ್ತು. ಆದರೂ ಹಬೆ ಕೊಟ್ಟೆ. ತಳದ ಕಾಳು ಬಾಯಿ ಬಿಟ್ಟು ಅಂಟಾಯಿತು, ಮೇಲಿನದು ಹಸಿಯಾಗೇ ಉಳಿಯಿತು. ಮೂರು ಕ್ವಿಂಟಾಲ್ ಹೋಯಿತು. ಎರಡನೇ ಸಲ ಬಿಸಿನೀರಲ್ಲಿ ನೆನೆಸಿದೆ, ಹಬೆಯೂ ಸರಿ ಬಂತು. ಆದರೆ ಮೂರು ದಿನ ಜಡಿಮಳೆ ಹಿಡಿಯಿತು. ಟಾರ್ಪಲ್ ಕೆಳಗೆ ಐದು ಕ್ವಿಂಟಾಲ್ ಬೂಷ್ಟು ಹಿಡಿದು ಗೊಬ್ಬರದ ಗುಂಡಿ ಸೇರಿತು. ಮಳೆಗೆ ಹೆದರಿ ಮೂರನೇ ಸಲ ಏಪ್ರಿಲ್ ಬಿಸಿಲಲ್ಲಿ ತಾರಸಿಯ ಮೇಲೆ ಹರಡಿದೆ. ಅರ್ಧ ದಿನಕ್ಕೇ ಒಣಗಿತು ಅಂತ ಖುಷಿಪಟ್ಟೆ. ಹಲ್ಲರಿಗೆ ಹಾಕಿದರೆ ಅರ್ಧಕ್ಕರ್ಧ ನುಚ್ಚು! ಆ ವರ್ಷ ಒಟ್ಟು 65-70 ಸಾವಿರ ಕೈಬಿಟ್ಟಿತು. ಅದರಲ್ಲಿ 40 ಸಾವಿರ ನನ್ನ ಹೆಂಡತಿ ಸಂಘದಲ್ಲಿ ತೆಗೆದುಕೊಟ್ಟ ಸಾಲ. ಅವಳು ಒಂದು ಮಾತೂ ಆಡಲಿಲ್ಲ.

ಕೊನೆಗೆ ಕೈ ಹಿಡಿದಿದ್ದು ಒಣಗಿಸುವ ರೀತಿ. ಈಗ ಡ್ರಮ್ ಬಿಟ್ಟು ಟ್ರೇ ಮಾಡಿಸಿದ್ದೇನೆ, ನಾಲ್ಕು ಬೆರಳು ದಪ್ಪಕ್ಕಿಂತ ಜಾಸ್ತಿ ತುಂಬುವುದಿಲ್ಲ. ಹಬೆ ಹತ್ತು-ಹನ್ನೆರಡು ನಿಮಿಷ. ಅಲ್ಲೊಂದು ಇಲ್ಲೊಂದು ಕಾಳಿನ ಹೊಟ್ಟು ಬಿರಿಯಲು ಶುರುವಾಗುತ್ತಿದ್ದಂತೆ ಇಳಿಸಿಬಿಡಬೇಕು. ನೆನೆಸುವ ನೀರು ಎಷ್ಟು ಬಿಸಿ, ಯಾವಾಗ ಬದಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಸುರಿದಿದ್ದೇನೆ.

ಇಳಿಸಿದ್ದನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾಲಾಡಿಸುತ್ತೇವೆ. ಆಮೇಲೆ ರಾಶಿ ಮಾಡಿ ಗೋಣಿಚೀಲ ಹೊದಿಸಿ ರಾತ್ರಿಯೆಲ್ಲಾ ಬಿಡುತ್ತೇವೆ. ಒಳಗಿನ ತೇವ ನಿಧಾನಕ್ಕೆ ಹೊರಗೆ ಬರುತ್ತದೆ. ಬೆಳಿಗ್ಗೆ ರಾಶಿಯೊಳಗೆ ಕೈ ತೂರಿಸಿದರೆ ಬೆಚ್ಚಗೆ, ಸ್ವಲ್ಪ ಒದ್ದೆ ಒದ್ದೆ ಅನ್ನಿಸುತ್ತದೆ. ಮಾರನೇ ದಿನ ಪೂರ್ತಿ ನೆರಳು. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಶೇ. 12 ತೋರಿಸಬೇಕು, ಆದರೆ ನಾನು ನಂಬುವುದು ಹಲ್ಲನ್ನೇ. ಹೊಟ್ಟು ಸುಲಿದು ಒಂದು ಕಾಳನ್ನು ಮುಂದಿನ ಹಲ್ಲಲ್ಲಿ ಕಚ್ಚಬೇಕು. ರಬ್ಬರಿನ ಥರ ಬಗ್ಗಿದರೆ ಇನ್ನೂ ಇಡಿ. ಕಟ್ ಅಂತ ಎರಡೇ ಹೋಳಾದರೆ ಹಲ್ಲರಿಗೆ ಹಾಕಿ. ಪುಡಿಯಾದರೆ ಮಿತಿ ಮೀರಿದೆ.

ಹಬೆ ಕೊಟ್ಟ ಕಾಳಿನ ಹೊಟ್ಟು ಸಡಿಲ ಇರುತ್ತದೆ, ಸ್ಪೀಡ್ ಕಮ್ಮಿ ಇಟ್ಟರೂ ಸಾಕು. ಮೊದಲು ಕ್ವಿಂಟಾಲಿಗೆ 58-60 ಕೇಜಿ ಅಕ್ಕಿ ಬರುತ್ತಿತ್ತು, ಈಗ 66 ದಾಟುತ್ತದೆ. ನುಚ್ಚು ಮೂರ್ನಾಲ್ಕು ಕೇಜಿ ಮಾತ್ರ. ಸೌದೆ, ಕೂಲಿ ಸೇರಿ ಕೇಜಿ ಕಾಳಿಗೆ ಆರೇಳು ರೂಪಾಯಿ ಖರ್ಚು ಜಾಸ್ತಿ, ನುಚ್ಚು ಕಮ್ಮಿಯಾಗಿ ಅಕ್ಕಿ ಜಾಸ್ತಿ ಬಂದಿದ್ದರಲ್ಲೇ ಮುಕ್ಕಾಲು ಪಾಲು ಹೊಂದುತ್ತದೆ. ಬಾಯ್ಲರ್, ಟ್ರೇ, ನೆರಳಿನ ಶೆಡ್ ಸೇರಿ ನಾಲ್ಕು ಲಕ್ಷದ ಮೇಲಾಯಿತು. ಸಣ್ಣ ಆಹಾರ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35, ಅದರ ಮೇಲೆ ರಾಜ್ಯದ ಶೇ. 15 ಸಹಾಯಧನ ಇದ್ದುದರಿಂದ ಧೈರ್ಯ ಮಾಡಿದೆ. ಬಣ್ಣ ಮಾತ್ರ ಮಂಕು. "ಹಳೇ ಮಾಲಾ?" ಅಂತ ಕೇಳಿದವರಿಗೆ ಒಂದು ಪಾವು ಸುಮ್ನೆ ಕೊಟ್ಟು ಅನ್ನ ಮಾಡಿ ನೋಡಿ ಅಂದೆ. ಉದುರುದುರಾಗಿ ಆಗುತ್ತದೆ. ಬಹಳ ಜನ ಮತ್ತೆ ಬಂದರು.

ಗ್ಲೂಕೋಮೀಟರ್ ಇಟ್ಟುಕೊಂಡು ಮನೆಯಲ್ಲೇ ನೋಡಿದೆವು. ತಂದೆ, ನಾನು, ಮಿಲ್ಲಿನ ಇಬ್ಬರು. ಅಷ್ಟೇ ಅನ್ನ, ಅದೇ ಸಾರು, ಉಂಡ ಎರಡು ಗಂಟೆಗೆ ಚೆಕ್. ತಂದೆಗೆ ಬೆಳ್ಳನೆ ಸಾಮೆ ಉಂಡ ದಿನ 230ರ ಆಸುಪಾಸು, ಹಬೆ ಸಾಮೆಗೆ 190. ಮಿಲ್ಲಿನ ಒಬ್ಬರಿಗೆ ವ್ಯತ್ಯಾಸವೇ ಕಾಣಲಿಲ್ಲ. ಇದು ಮನೆಯ ಲೆಕ್ಕ ಅಷ್ಟೇ, ತಂದೆಯ ಮಾತ್ರೆ ಡಾಕ್ಟರ್ ಹೇಳಿದಂತೆಯೇ ನಡೆಯುತ್ತಿದೆ. ಅದೇ ಹಬೆ ಸಾಮೆಯನ್ನು ನುಣ್ಣಗೆ ಬೀಸಿಸಿ ಗಂಜಿ ಕೊಟ್ಟರೆ ತಂದೆಯ ಲೆಕ್ಕ ಮತ್ತೆ 220 ದಾಟಿತು. ಅವತ್ತಿನಿಂದ ಸಕ್ಕರೆ ಕಾಯಿಲೆಯವರಿಗೆ ಅಂತ ಗಂಜಿ ಪುಡಿ ಕೇಳಿ ಬರುವ ಆರ್ಡರ್ ಒಪ್ಪುತ್ತಿಲ್ಲ. ಹೋದ ತಿಂಗಳು ಬಂದಿದ್ದ ಎರಡು ಕ್ವಿಂಟಾಲಿನದ್ದನ್ನೂ ಬಿಟ್ಟೆ.

ಐದು ಕೇಜಿಯನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಗೂ ಒಯ್ದಿದ್ದೆ. ಚೆನ್ನಾಗಿ ಅರಳಿತು. ಮಕ್ಕಳು ಒಂದೇ ವಾರಕ್ಕೆ ಖಾಲಿ ಮಾಡಿದರು.

ಕೊರಲೆ ಅನ್ನುವ ಇನ್ನೊಂದು ಸಿರಿಧಾನ್ಯ ಮಾತ್ರ ಇನ್ನೂ ಬಗ್ಗಿಲ್ಲ. ಅದರ ಹೊಟ್ಟು ಗಟ್ಟಿ, ಸಾಮೆಯ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಮೂರು ಸಲ ಹಾಕಿದ್ದೇನೆ, ಕ್ವಿಂಟಾಲಿಗೆ 50 ಕೇಜಿ ದಾಟಿಲ್ಲ. ನಾಲ್ಕನೆಯದು ಗೋಣಿಚೀಲ ಹೊದ್ದು ಶೆಡ್ಡಿನಲ್ಲಿದೆ, ನಾಳೆ ಬೆಳಿಗ್ಗೆ ತೆಗೆಯಬೇಕು.