ಬೇಕರಿ ಹನಿ ಕೇಕ್, ಮನೆಯ ಕುಕ್ಕರ್‌ನಲ್ಲಿ

ಹನಿ ಕೇಕ್ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ರಷ್ಯಾದವರ ಪದರ ಪದರದ ಕೇಕ್ ಬಂದು ಕೂರುತ್ತದೆ. ಅದಲ್ಲ ನಾನು ಹೇಳುತ್ತಿರುವುದು. ನಮ್ಮ ಅಯ್ಯಂಗಾರ್ ಬೇಕರಿಗಳ ಗಾಜಿನ ಕಪಾಟಿನಲ್ಲಿ, ದಿಲ್‌ಪಸಂದ್ ಪಕ್ಕದಲ್ಲಿ, ಮೇಲೆ ಕೆಂಪು ಜಾಮ್ ಬಳಿದು ಬಿಳಿ ಕೊಬ್ಬರಿ ಉದುರಿಸಿಕೊಂಡು ಕೂತಿರುತ್ತದಲ್ಲ, ಆ ಕೇಕ್. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬೆಂಗಳೂರಿಗೆ ಬಂದ ಕುಟುಂಬಗಳು ಊರಿಗೆಲ್ಲ ರುಚಿ ಹತ್ತಿಸಿದ್ದು.

ನಮ್ಮತ್ತೆ ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ನನ್ನದು ಮೊಸರಿನ ಕೇಕ್. ಅದು ಸ್ವಲ್ಪ ಬಿಗಿಯಾಗಿರುತ್ತದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಈ ಕೇಕಿಗೆ ಆ ಬಿಗಿಯೇ ಬೇಕು. ತೀರಾ ಹಗುರವಾದ ಸ್ಪಾಂಜ್ ಮೇಲೆ ಸಕ್ಕರೆ ನೀರು ಸುರಿದರೆ ಕುಸಿದು ಮುದ್ದೆಯಾಗುತ್ತದೆ. ಹನಿ ಕೇಕಿನ ರುಚಿ ಇರುವುದು ಅದು ಕುಡಿಯುವ ಆ ನೀರಿನಲ್ಲಿ. ಕೆಳಗಿನ ಕೇಕ್ ಸಾಧಾರಣವಾಗಿದ್ದರೂ ನಡೆಯುತ್ತದೆ, ನೀರು ಕುಡಿಸುವ ಕೆಲಸ ಮಾತ್ರ ಅವಸರದಲ್ಲಿ ಆಗುವುದಿಲ್ಲ.

ಅಳತೆಗೆ 240 ಎಂ.ಎಲ್. ಕಪ್ ಇಟ್ಟುಕೊಳ್ಳಿ. ಮೈದಾ ಒಂದೂವರೆ ಕಪ್, ತೂಕ ಮಾಡುವವರಿಗೆ 190 ಗ್ರಾಂ. ಗಟ್ಟಿ ಮೊಸರು ಒಂದು ಕಪ್. ಸಕ್ಕರೆ ಮುಕ್ಕಾಲು ಕಪ್, ಅಂದರೆ 150 ಗ್ರಾಂ. ವಾಸನೆಯಿಲ್ಲದ ಎಣ್ಣೆ ಅರ್ಧ ಕಪ್. ಕಡಲೆಕಾಯಿ ಎಣ್ಣೆ ಬೇಡ, ಅದರ ಘಮ ಜೇನನ್ನು ಮುಚ್ಚಿಬಿಡುತ್ತದೆ. ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಎಸೆನ್ಸ್ ಒಂದು ಟೀ ಚಮಚ. ಸಕ್ಕರೆ ಕಡಿಮೆ ಆಯಿತಾ ಅಂತ ಅನುಮಾನ ಪಡಬೇಡಿ. ಆಮೇಲೆ ಜೇನು ಬೇರೆ, ಜಾಮ್ ಬೇರೆ ಬರುವುದಿದೆ.

ಕುಕ್ಕರ್ ಮೊದಲು ಕಾಯಬೇಕು. ದಪ್ಪ ತಳದ ಹಳೇ ಕುಕ್ಕರ್ ಆದರೆ ಒಳ್ಳೆಯದು. ಒಳಗೆ ಒಂದೂವರೆ ಕಪ್ ಪುಡಿ ಉಪ್ಪು ಹರಡಿ, ಮೇಲೊಂದು ರಿಂಗ್ ಇಡಿ. ಮುಚ್ಚಳದ ರಬ್ಬರ್ ತೆಗೆಯಿರಿ, ವೆಯ್ಟ್ ಹಾಕಬೇಡಿ. ಇದು ಮರೆಯುವ ವಿಷಯ ಅಲ್ಲವೇ ಅಲ್ಲ. ನೀರು ಹಾಕುವ ಹಾಗಿಲ್ಲ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಲಿ. ಓವನ್ ಇರುವವರು 180 ಡಿಗ್ರಿಗೆ ಇಟ್ಟುಕೊಳ್ಳಿ. ಕುಕ್ಕರ್‌ಗೆ 7 ಇಂಚಿನ ದುಂಡನೆಯ ಡಬ್ಬಿ ಸಾಕು, ಸುತ್ತ ಒಂದು ಬೆರಳು ಜಾಗ ಬಿಡಬೇಕು. ಬೇಕರಿಯ ಚೌಕ ತುಂಡೇ ಬೇಕು ಅಂದರೆ ಓವನ್ನಲ್ಲಿ 7 ಇಂಚಿನ ಚೌಕ ಡಬ್ಬಿ. ಡಬ್ಬಿ ಯಾವುದಾದರೂ ಸರಿ, ಒಳಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಕಿ.

ಈಗ ಮೊಸರಿಗೆ ಸಕ್ಕರೆ ಹಾಕಿ ಕರಗುವ ತನಕ ಕಲಸಿ. ಮೊಸರು ಫ್ರಿಜ್‌ನಿಂದ ನೇರವಾಗಿ ಬಂದಿರಬಾರದು. ಸೋಡಾ, ಬೇಕಿಂಗ್ ಪೌಡರ್ ಸೇರಿಸಿ ಐದು ನಿಮಿಷ ಸುಮ್ನೆ ಬಿಡಿ. ಮೊಸರಿನ ಹುಳಿಗೂ ಸೋಡಾಕ್ಕೂ ಜಗಳ ಶುರುವಾಗಿ ಗುಳ್ಳೆ ಏಳುತ್ತವೆ. ಗುಳ್ಳೆಯೇ ಬರಲಿಲ್ಲವಾ? ಸೋಡಾ ಹಳತಾಗಿದೆ, ಮುಂದುವರಿಯಬೇಡಿ. ಬಂದರೆ ಎಣ್ಣೆ, ಎಸೆನ್ಸ್ ಹಾಕಿ. ಮೈದಾವನ್ನು ಜರಡಿ ಹಿಡಿದು ಎರಡು ಮೂರು ಸಲಕ್ಕೆ ಸೇರಿಸಿ. ಹಿಟ್ಟಿನ ಗಂಟು ಹೋಗುವಷ್ಟು ಮಾತ್ರ ಕಲಸಿ. ಜಾಸ್ತಿ ಕಲಸಿದರೆ ಕೇಕ್ ರಬ್ಬರ್ ಆಗುತ್ತದೆ. ತಕ್ಷಣ ಡಬ್ಬಿಗೆ ಸುರಿದು ಒಳಗಿಡಿ. ಗುಳ್ಳೆಗಳು ನಿಮಗಾಗಿ ಕಾಯುವುದಿಲ್ಲ.

ಕುಕ್ಕರ್ ಆದರೆ ಸಣ್ಣ ಉರಿಯಲ್ಲಿ 45 ನಿಮಿಷದ ಹತ್ತಿರ, ಓವನ್ ಆದರೆ 35. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯುವ ಆಸೆ ತಡೆದುಕೊಳ್ಳಿ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಕುಕ್ಕರ್‌ನಲ್ಲಿ ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಇರಲಿ ಬಿಡಿ, ಹೇಗೂ ಅದನ್ನು ಕೊಯ್ದು ತೆಗೆಯುತ್ತೇವೆ.

ಕೇಕ್ ಪೂರ್ತಿ ಆರಲಿ. ಉಬ್ಬಿದ ಮೇಲ್ಪದರವನ್ನು ಬ್ರೆಡ್ ಚಾಕುವಿನಿಂದ ಸಮವಾಗಿ ಕೊಯ್ಯಿರಿ. ಆ ಸಿಪ್ಪೆ ಇದ್ದರೆ ನೀರು ಒಳಗೆ ಇಳಿಯುವುದಿಲ್ಲ. ಕೊಯ್ದದ್ದು ವ್ಯರ್ಥವಾಗುತ್ತದೆ ಅನ್ನುವ ಚಿಂತೆ ಮಕ್ಕಳಿರುವ ಮನೆಯಲ್ಲಿ ಇಲ್ಲ.

ಅರ್ಧ ಕಪ್ ನೀರಿಗೆ ಕಾಲು ಕಪ್ ಸಕ್ಕರೆ ಹಾಕಿ ಕರಗಿಸಿ. ಎಳೆ ಪಾಕ ಬರಬಾರದು, ಬಂದರೆ ಕೇಕಿನ ಮೇಲೇ ನಿಂತು ಗಟ್ಟಿಯಾಗುತ್ತದೆ. ಒಲೆ ಆರಿಸಿ, ಬೆರಳು ತಾಳುವಷ್ಟು ಬಿಸಿಗೆ ಇಳಿದ ಮೇಲೆ ಮೂರು ದೊಡ್ಡ ಚಮಚ ಜೇನು ಬೆರೆಸಿ. ಕುದಿಯುವಾಗ ಹಾಕಿದರೆ ಜೇನಿನ ಘಮ ಹೋಗಿ ಬರೀ ಸಿಹಿ ಉಳಿಯುತ್ತದೆ. ನಾನು ಕೊಡಗಿನ ಜೇನು ಹಾಕುತ್ತೇನೆ, ಬಣ್ಣ ಗಾಢ, ಪರಿಮಳವೂ ಚೆನ್ನ.

ಕೇಕಿಗೆ ಕಡ್ಡಿಯಿಂದ ಒಂದೊಂದು ಬೆರಳಿನ ಅಂತರದಲ್ಲಿ, ತಳದ ತನಕ ಚುಚ್ಚಿ. ಅಂಚು ಜಾಸ್ತಿ ಒಣಗಿರುತ್ತದೆ, ಅಲ್ಲಿಂದ ಶುರು ಮಾಡಿ. ಚಮಚದಲ್ಲಿ ಸುತ್ತಲೂ ಹಾಕುತ್ತಾ ಮಧ್ಯಕ್ಕೆ ಬನ್ನಿ. ಮೂರನೇ ಒಂದು ಭಾಗ ಮುಗಿದಾಗ ನಿಲ್ಲಿಸಿ ಐದು ನಿಮಿಷ ಕಾಯಿರಿ. ಮೇಲೆ ಮಿಂಚುತ್ತಿದ್ದ ಒದ್ದೆ ಮಾಯವಾದರೆ ಮುಂದಿನ ಸುತ್ತು. ಹೀಗೆ ಮೂರು ಸಲ. ಕೊನೆಗೆ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಜೇನು ಸ್ವಲ್ಪ ಮೇಲೆ ಬಂದು, ಬೆರಳು ತೆಗೆದ ಕೂಡಲೇ ಒಳಗೆ ಹೋಗಬೇಕು. ಮೇಲೇ ನಿಂತರೆ ಸಾಕಾಗಿದೆ ಅಂತ, ಉಳಿದದ್ದನ್ನು ಎತ್ತಿಡಿ. ಅರ್ಧ ಗಂಟೆ ಮುಟ್ಟಬೇಡಿ.

ನಾಲ್ಕು ದೊಡ್ಡ ಚಮಚ ಮಿಕ್ಸೆಡ್ ಫ್ರೂಟ್ ಜಾಮ್‌ಗೆ ಒಂದು ಚಮಚ ಜೇನು ಸೇರಿಸಿ ಸಣ್ಣ ಉರಿಯಲ್ಲಿ ಸಡಿಲ ಮಾಡಿ, ಬೆಚ್ಚಗಿರುವಾಗಲೇ ಬಳಿಯಿರಿ. ತಣ್ಣನೆ ಜಾಮ್ ಎಳೆದರೆ ನೆನೆದ ಕೇಕ್ ಅದರ ಜೊತೆ ಕಿತ್ತುಬರುತ್ತದೆ.

ಇನ್ನು ಕೊಬ್ಬರಿ. ಅಂಗಡಿಯ ಪ್ಯಾಕೆಟ್ ಪುಡಿ ನನಗೆ ಹಿಡಿಸುವುದಿಲ್ಲ. ನಮ್ಮಣ್ಣ ತಿಪಟೂರಿನಿಂದ ತಂದುಕೊಡುವ ಕೊಬ್ಬರಿ ಬಟ್ಟಲಿನ ಕಂದು ಸಿಪ್ಪೆ ಹೆರೆದು, ಬಿಳಿ ಭಾಗವನ್ನಷ್ಟೇ ಸಣ್ಣ ತುರಿಮಣೆಯಲ್ಲಿ ತುರಿಯುತ್ತೇನೆ. ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಮಟು ಬಂದಿದ್ದರೆ ಇಡೀ ಕೇಕ್ ಕೆಡುತ್ತದೆ. ಹಸಿ ತೆಂಗಿನಕಾಯಿ ಖಂಡಿತ ಬೇಡ, ಸಂಜೆಯೊಳಗೆ ಹಳಸುತ್ತದೆ. ಜಾಮ್ ಅಂಟಂಟಾಗಿರುವಾಗಲೇ ಉದುರಿಸಿ, ಅಂಗೈಯಲ್ಲಿ ಹಗುರವಾಗಿ ಒತ್ತಿ.

ಎರಡು ಗಂಟೆ ಬಿಟ್ಟು ಕೊಯ್ದರೆ ತುಂಡು ಅಚ್ಚುಕಟ್ಟಾಗಿ ಬರುತ್ತದೆ, ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಮರುದಿನ ಇನ್ನೂ ರುಚಿ. ಹೊರಗೆ ಒಂದು ದಿನ ಇಡಬಹುದು, ಫ್ರಿಜ್‌ನಲ್ಲಿ ಮೂರು ದಿನ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಮತ್ತೆ, ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಅಜ್ಜಿಯರು ಎಷ್ಟೇ ಹೇಳಲಿ, ಈ ಕೇಕನ್ನು ಪಾಪುವಿನ ನಾಲಿಗೆಗೆ ತಾಗಿಸಬೇಡಿ.