ಮಕ್ಕಳಲ್ಲಿ ಹರ್ಪಿಸ್ ಮಿದುಳು ಸೋಂಕು: ರಿಪೋರ್ಟ್‌ಗೆ ಕಾಯದೆ ಔಷಧ ಶುರು ಮಾಡಿ

ಜ್ವರವಿರುವ ಮಗುವಿಗೆ ಫಿಟ್ಸ್ ಬಂದು, ಆಮೇಲೂ ಮಂಪರು ಇಳಿಯದಿದ್ದರೆ, ನಡವಳಿಕೆ ಏಕಾಏಕಿ ಬದಲಾದರೆ, ಮಾತು ತಪ್ಪಿದರೆ, ಮೈಯ ಒಂದೇ ಪಕ್ಕ ಅದುರಿದರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ನೆನಪಾಗಲೇಬೇಕು. ಎರಡು-ಮೂರು ವಾರದ ಕೂಸಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ: ಹಾಲು ಕುಡಿಯುವುದಿಲ್ಲ, ಮಂಕಾಗಿರುತ್ತದೆ, ಇಲ್ಲವೇ ಎತ್ತಿಕೊಂಡರೂ ಅಳು ನಿಲ್ಲಿಸುವುದಿಲ್ಲ. ಜ್ವರವೇ ಇಲ್ಲದಿರಬಹುದು. ಮೈಮೇಲೆ ನೀರುಗುಳ್ಳೆ ಇಲ್ಲ, ತಾಯಿಗೆ ಹರ್ಪಿಸ್ ಬಂದ ನೆನಪಿಲ್ಲ ಎಂದು ಈ ಶಂಕೆಯನ್ನು ಕೈಬಿಡಬೇಡಿ.

ಉಸಿರು, ರಕ್ತಸಂಚಾರ, ಸಕ್ಕರೆ ಸರಿಪಡಿಸಿ, ಫಿಟ್ಸ್ ನಿಲ್ಲಿಸಿ. ನಂತರ ಬೆನ್ನಿನ ನೀರು (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆದು ಕಣಗಳ ಎಣಿಕೆ, ಪ್ರೋಟೀನ್, ಸಕ್ಕರೆ, ಕಲ್ಚರ್ ಜೊತೆಗೆ ವೈರಸ್‌ನ ಜೀನ್ ಹುಡುಕುವ ಹರ್ಪಿಸ್ ಪಿಸಿಆರ್ ಪರೀಕ್ಷೆಗೂ ಕಳಿಸಿ. ಸಾಮಾನ್ಯವಾಗಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಮತ್ತು ಪ್ರೋಟೀನ್ ಏರಿರುತ್ತವೆ. ತಲೆಯೊಳಗಿನ ಒತ್ತಡ ಹೆಚ್ಚಿದ ಚಿಹ್ನೆಯಿದ್ದರೆ ಸೂಜಿ ಚುಚ್ಚುವುದನ್ನು ಮುಂದೂಡಿ, ಹರ್ಪಿಸ್ ವೈರಸ್ ತಡೆಯುವ ಔಷಧ ಎಸೈಕ್ಲೋವಿರ್ ಅನ್ನು ಮುಂದೂಡಬೇಡಿ. ಎಸೈಕ್ಲೋವಿರ್ ಶುರುವಾದ ಮೇಲೂ ಕೆಲವು ದಿನ ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ. ಬ್ಯಾಕ್ಟೀರಿಯಾ ಮೆದುಳುಪೊರೆ ಸೋಂಕು ಅಲ್ಲವೆಂದು ಖಚಿತವಾಗುವವರೆಗೆ ಆಂಟಿಬಯೋಟಿಕ್ ಕೂಡ ನಡೆಯಲಿ.

ಹೆಚ್ಚು ಜನ ಎಡವುವುದು ಪಿಸಿಆರ್ ನೆಗೆಟಿವ್ ಬಂದಾಗ. ಕಾಯಿಲೆ ಶುರುವಾದ ಮೊದಲ ಮೂರು ದಿನದಲ್ಲಿ ತೆಗೆದ ನೀರಿನಲ್ಲಿ ವೈರಸ್ ಸಿಗದೇ ಹೋಗಬಹುದು. ಲಕ್ಷಣವೋ ಎಂಆರ್‌ಐಯೋ ಹರ್ಪಿಸ್ ಕಡೆಗೇ ಬೊಟ್ಟು ಮಾಡುತ್ತಿದ್ದರೆ ಔಷಧ ಮುಂದುವರಿಸಿ, 3ರಿಂದ 7 ದಿನದೊಳಗೆ ಮತ್ತೆ ನೀರು ತೆಗೆಯಿರಿ. ಮೊದಲ ದಿನಗಳ ಸಿಟಿ ಸ್ಕ್ಯಾನ್ ಸಹಜವಾಗಿದ್ದರೂ ನಿಶ್ಚಿಂತೆ ಬೇಡ. ದೊಡ್ಡ ಮಕ್ಕಳ ಎಂಆರ್‌ಐಯಲ್ಲಿ ಕಿವಿಯ ಮೇಲಿನ ಟೆಂಪೊರಲ್ ಭಾಗ ಹೊಳೆಯುತ್ತದೆ. ಕೂಸುಗಳಲ್ಲಿ ಹಾನಿ ಎಲ್ಲೆಂದರಲ್ಲಿ ಹರಡಿರಬಹುದು.

ಎಸೈಕ್ಲೋವಿರ್ ರಕ್ತನಾಳಕ್ಕೇ ಕೊಡಬೇಕು. ಈ ಹಂತದಲ್ಲಿ ಬಾಯಿಂದ ಕೊಟ್ಟರೆ ಸಾಲದು. ನವಜಾತರಿಗೆ ಪ್ರತಿ ಕೆಜಿಗೆ 20 ಮಿಗ್ರಾಂ, 3 ತಿಂಗಳಿಂದ 12 ವರ್ಷದವರೆಗೆ 10ರಿಂದ 15 ಮಿಗ್ರಾಂ, ಎಂಟು ಗಂಟೆಗೊಮ್ಮೆ, 21 ದಿನ. ಉದಾಹರಣೆಗೆ, 12 ಕೆಜಿ ಮಗುವಿಗೆ 15ರ ಲೆಕ್ಕದಲ್ಲಿ ಒಂದು ಸಲಕ್ಕೆ 180 ಮಿಗ್ರಾಂ. 250 ಮಿಗ್ರಾಂ ವಯಲ್‌ಗೆ ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ನೀರು 10 ಮಿಲೀ ಸೇರಿಸಿ ಕರಗಿಸಿ, 7.2 ಮಿಲೀ ಎಳೆದು, 28.8 ಮಿಲೀ ನಾರ್ಮಲ್ ಸಲೈನ್‌ಗೆ ಬೆರೆಸಿ. ಒಟ್ಟು 36 ಮಿಲೀಯನ್ನು ಪಂಪ್‌ನಲ್ಲಿ ಒಂದು ಗಂಟೆ ಹರಿಸಿ. ಕರಗಿಸಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟುತ್ತದೆ. ಬೇಗ ಹರಿಸಿದರೆ, ಮಗುವಿನ ಮೈಯಲ್ಲಿ ನೀರು ಸಾಲದಿದ್ದರೆ ಅದೇ ಹರಳು ಮೂತ್ರಪಿಂಡದ ನಳಿಕೆಗಳಲ್ಲಿ ಕಟ್ಟುತ್ತದೆ. ಆದ್ದರಿಂದ ದ್ರವ ಸಾಕಷ್ಟು ಕೊಡಿ, ಮೂತ್ರದ ಪ್ರಮಾಣ ಅಳೆಯಿರಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತೆ ಮತ್ತೆ ನೋಡಿ, ಏರಿದರೆ ಡೋಸ್ ಹೊಂದಿಸಿ. ಈ ದ್ರಾವಣ ತೀರಾ ಕ್ಷಾರೀಯ. ಸೂಜಿ ಜರುಗಿ ಚರ್ಮದಡಿ ಸೋರಿದರೆ ಅಲ್ಲಿನ ಮಾಂಸ ಕೊಳೆಯಬಹುದು. ಪ್ರತಿ ಡೋಸ್‌ಗೂ ಮುನ್ನ ಸೂಜಿಯಿರುವ ಜಾಗ ನೋಡಿ.

ಮಗು ಚೇತರಿಸಿಕೊಂಡಿತೆಂದು ಹತ್ತನೇ ದಿನಕ್ಕೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. 21 ದಿನ ಮುಗಿಯುವ ಹೊತ್ತಿಗೆ ಮತ್ತೆ ಪಿಸಿಆರ್ ಮಾಡಿ. ಪಾಸಿಟಿವ್ ಇದ್ದರೆ ಇನ್ನೊಂದು ವಾರ ಮುಂದುವರಿಸಿ. ನವಜಾತರಿಗೆ ಆಮೇಲೆ ಆರು ತಿಂಗಳು ಬಾಯಿಂದ ಎಸೈಕ್ಲೋವಿರ್, ಪ್ರತಿ ಚದರ ಮೀಟರ್ ಮೈವಿಸ್ತೀರ್ಣಕ್ಕೆ 300 ಮಿಗ್ರಾಂ, ದಿನಕ್ಕೆ ಮೂರು ಸಲ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಕುಸಿಯಬಹುದು, ರಕ್ತಪರೀಕ್ಷೆ ತಪ್ಪಿಸಬೇಡಿ.

ಮನೆಗೆ ಕಳಿಸುವಾಗ ತಂದೆತಾಯಿಗೆ ಒಂದು ಮಾತು ಬಿಡಿಸಿ ಹೇಳಿ: ಮುಂದಿನ ಕೆಲವು ವಾರಗಳಲ್ಲಿ ಮಗುವಿನ ಕೈಕಾಲು, ಮುಖ ತಾವಾಗಿಯೇ ತಿರುಚಾಡಿದರೆ, ನಿದ್ದೆ ಕೆಟ್ಟರೆ, ಕಲಿತ ಮಾತು ಹೋದರೆ ಅಂದೇ ಕರೆತನ್ನಿ. ಅದು ವೈರಸ್ ಮರಳಿದ್ದಿರಬಹುದು, ಇಲ್ಲವೇ ಸೋಂಕಿನ ಬೆನ್ನಲ್ಲೇ ಹುಟ್ಟಿ ಮಗುವಿನ ಮಿದುಳಿನ ಮೇಲೆಯೇ ತಿರುಗಿಬೀಳುವ ಎನ್‌ಎಂಡಿಎ ರಿಸೆಪ್ಟರ್ ಪ್ರತಿಕಾಯಗಳ ಕೆಲಸ. ಪಿಸಿಆರ್, ಪ್ರತಿಕಾಯ ಎರಡನ್ನೂ ನೋಡಬೇಕು. ಪ್ರತಿಕಾಯವಾದರೆ ಸ್ಟಿರಾಯ್ಡ್, ಇಮ್ಯುನೊಗ್ಲಾಬ್ಯುಲಿನ್‌ನಂಥ ಚಿಕಿತ್ಸೆಯೇ ಬೇಕು.